ಕೋಶ ಸಾಯದಂತೆ ಪೊರೆ ತೆರೆಯುವ ವಿದ್ಯುತ್ ಮಿಡಿತ

ಜೀವಕೋಶದ ಪೊರೆ ಸುಮಾರು 5 ನ್ಯಾನೊಮೀಟರ್ ದಪ್ಪದ್ದು; ಕೊಬ್ಬಿನ ಅಣುಗಳ ಎರಡು ಪದರ. ಡಿಎನ್‌ಎಯಂಥ ದೊಡ್ಡ ಅಣುಗಳನ್ನು ಅದು ಸುಲಭವಾಗಿ ಒಳಬಿಡುವುದಿಲ್ಲ. ಹೊರಗಿನಿಂದ ವಿದ್ಯುತ್ ಮಿಡಿತ ಕೊಟ್ಟು ಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜನ್ನು 1 ವೋಲ್ಟ್‌ನ ಆಸುಪಾಸಿಗೆ ಏರಿಸಿದರೆ ಅದರಲ್ಲಿ ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ಮಿಡಿತ ಹದವಾಗಿದ್ದರೆ ಕೆಲವು ನಿಮಿಷಗಳಲ್ಲಿ ಪೊರೆ ತಾನೇ ಕೂಡಿಕೊಂಡು ಕೋಶ ಬದುಕುತ್ತದೆ. ಹದ ಮೀರಿದರೆ ಸಾಯುತ್ತದೆ. ಎಲೆಕ್ಟ್ರೊಪೊರೇಶನ್ ಎಂಬ ವಿದ್ಯೆ ಬೆಳೆದದ್ದೇ ಈ ಹದವನ್ನು ಹುಡುಕುತ್ತ.

ಕಪ್ಪೆಯ ನರತಂತುವಿನ ಪೊರೆ ವಿದ್ಯುತ್ತಿಗೆ ಒಡೆದು ಮತ್ತೆ ಸರಿಹೋಗಬಲ್ಲದು ಎಂಬುದನ್ನು ರಾಬರ್ಟ್ ಸ್ಟೆಂಪ್‌ಫ್ಲಿ 1958ರಲ್ಲಿ ವರದಿ ಮಾಡಿದರು. 1967ರಲ್ಲಿ ಸೇಲ್ ಮತ್ತು ಹ್ಯಾಮಿಲ್ಟನ್ ಪ್ರಬಲ ಮಿಡಿತಗಳಿಂದ ಬ್ಯಾಕ್ಟೀರಿಯಾ, ಯೀಸ್ಟ್‌ಗಳನ್ನು ಕೊಂದು, ಸಾವಿಗೆ ಕಾರಣ ಶಾಖವಲ್ಲ, ಪೊರೆಗಾದ ಹಾನಿ ಎಂದು ತೋರಿಸಿದರು. ಕೊಲ್ಲುವ ಶಕ್ತಿಯನ್ನು ಕಾಯುವ ಉಪಾಯವಾಗಿ ತಿರುಗಿಸಿದ್ದು 1982ರ ಪ್ರಯೋಗ: ಎಬರ್‌ಹಾರ್ಡ್ ನಾಯ್‌ಮನ್ ಮತ್ತು ಸಂಗಡಿಗರು ಇಲಿಯ ಕೋಶಗಳಲ್ಲಿ ಇಲ್ಲದ ಒಂದು ಜೀನನ್ನು ಕೆಲವೇ ಮೈಕ್ರೊಸೆಕೆಂಡುಗಳ ಮಿಡಿತಗಳಿಂದ ಒಳಸೇರಿಸಿ, ಆ ಕೋಶಗಳನ್ನು ಬೆಳೆಸಿದರು.

ಪೊರೆಯ ಮೇಲೆ ಬೀಳುವ ವೋಲ್ಟೇಜು ಕೋಶದ ತ್ರಿಜ್ಯಕ್ಕೆ ಅನುಗುಣ. ಹಾಗಾಗಿ ಪ್ರಾಣಿಕೋಶಕ್ಕೆ ಸೆಂಟಿಮೀಟರಿಗೆ ಸುಮಾರು 1,000 ವೋಲ್ಟ್ ಸಾಕಾದರೆ, ಪುಟ್ಟ ಬ್ಯಾಕ್ಟೀರಿಯಾಕ್ಕೆ 10,000 ವೋಲ್ಟ್‌ಗೂ ಮೇಲೆ ಬೇಕು. 1988ರಲ್ಲಿ ವಿಲಿಯಂ ಡವರ್ ತಂಡ ಇ. ಕೋಲಿಯಲ್ಲಿ ಇದನ್ನು ಪಳಗಿಸಿ ಒಂದು ಮೈಕ್ರೊಗ್ರಾಂ ಡಿಎನ್‌ಎಯಿಂದ ನೂರು ಕೋಟಿಗೂ ಹೆಚ್ಚು ಪರಿವರ್ತಿತ ಕೋಶಗಳನ್ನು ಪಡೆಯಿತು. ಜೀನ್ ಸಂಗ್ರಹಗಳನ್ನು ಕಟ್ಟುವವರಿಗೆ ಇದು ದೊಡ್ಡ ಉಪಕಾರವಾಯಿತು.

ಸಸ್ಯಗಳ ಕಥೆ ತಂಬಾಕು, ಕಬ್ಬು ಬೆಳೆಯುವ ಬೆಳಗಾವಿ ಸೀಮೆಗೆ ಹತ್ತಿರದ್ದು. ಸಸ್ಯಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಭಿತ್ತಿಯೂ ಇರುವುದರಿಂದ ಮೊದಲು ಕಿಣ್ವಗಳಿಂದ ಅದನ್ನು ಕರಗಿಸಿ ಬೆತ್ತಲೆ ಕೋಶಗಳನ್ನು ತಯಾರಿಸಬೇಕಾಯಿತು. 1985ರಲ್ಲಿ ಮೈಕೆಲ್ ಫ್ರಾಮ್, ಲವರಿನ್ ಟೇಲರ್, ವರ್ಜೀನಿಯಾ ವಾಲ್‌ಬಾಟ್ ಕ್ಯಾರೆಟ್, ಮೆಕ್ಕೆಜೋಳ ಮತ್ತು ನಿಪ್ಪಾಣಿಯ ಹೊಲಗಳಿಗೆ ಚಿರಪರಿಚಿತವಾದ ತಂಬಾಕಿನ ಕೋಶಗಳಿಗೆ ಹೀಗೆ ಜೀನ್ ಸೇರಿಸಿದರು. ಕಬ್ಬು ಮಾತ್ರ ಸುಲಭಕ್ಕೆ ಮಣಿಯಲಿಲ್ಲ. ನೂರಕ್ಕೂ ಹೆಚ್ಚು ವರ್ಣತಂತುಗಳ ಈ ಬೆಳೆಯಲ್ಲಿ ಸಾಮಾನ್ಯ ತಳಿಸಂಕರಣ ಬಹಳ ನಿಧಾನ. ಆದ್ದರಿಂದಲೇ ಜೀನ್ ವರ್ಗಾವಣೆಯ ಮೇಲೆ ಅಷ್ಟೊಂದು ಆಸೆ. 1992ರಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ ಪ್ರಯೋಗಾಲಯಗಳು ಕಬ್ಬಿನ ಬೆತ್ತಲೆ ಕೋಶಗಳಿಂದ ಪರಿವರ್ತಿತ ಕ್ಯಾಲಸ್, ಅಂದರೆ ಇನ್ನೂ ಗಿಡವಾಗದ ಕೋಶಗಳ ಮುದ್ದೆ, ಪಡೆದವು. ಕ್ಯೂಬಾದ ಅರಿಯೆಲ್ ಅರೆನ್ಸಿಬಿಯಾ ತಂಡ ಭಿತ್ತಿ ತೆಗೆಯದ ಕೋಶಗಳಿಗೇ ಮಿಡಿತ ಕೊಟ್ಟು, ಕಾಂಡ ಕೊರೆಯುವ ಹುಳುವನ್ನು ತಡೆಯುವ ಬಿಟಿ ಜೀನಿನ ಕಬ್ಬನ್ನು 1997ರಲ್ಲಿ ವರದಿ ಮಾಡಿತು. ಗೋಕಾಕ, ರಾಯಬಾಗದ ಕಬ್ಬು ಬೆಳೆಗಾರರಿಗೂ ಕಾಂಡಕೊರಕ ಹೊಸ ಶತ್ರುವಲ್ಲ. ಮುಂದೆ ಕಬ್ಬಿನ ಕೆಲಸ ಹೆಚ್ಚಾಗಿ ಜೀನ್ ಗನ್ ಮತ್ತು ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಕಡೆಗೆ ವಾಲಿತು. ಆದರೂ ಆ ಬ್ಯಾಕ್ಟೀರಿಯಾದೊಳಕ್ಕೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ಸೇರಿಸಲು ಇಂದಿಗೂ ಮಿಡಿತವನ್ನೇ ಬಳಸುವುದುಂಟು.

ವೈದ್ಯಕೀಯದಲ್ಲಿ ಮೊದಲು ಫಲ ಕೊಟ್ಟದ್ದು ಬ್ಲಿಯೊಮೈಸಿನ್ ಎಂಬ ಹಳೆಯ ಕ್ಯಾನ್ಸರ್ ಔಷಧ. ಪೊರೆ ದಾಟಲು ಒದ್ದಾಡುವ ಈ ಔಷಧದ ಪರಿಣಾಮ, ಪೊರೆ ತೆರೆದಾಗ ನೂರಾರು ಪಟ್ಟು ಹೆಚ್ಚುತ್ತದೆ. ಫ್ರಾನ್ಸಿನ ಲೂಯಿ ಮೀರ್ ತಂಡ 1991ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ರೋಗಿಗಳ ಮೇಲಿನ ಮೊದಲ ಪರೀಕ್ಷೆಯ ವರದಿ ಕೊಟ್ಟಿತು. 2006ರಲ್ಲಿ ಯುರೋಪಿನ ಸಂಶೋಧಕರು ಈ ಚಿಕಿತ್ಸೆಯ ಪ್ರಮಾಣಿತ ವಿಧಾನವನ್ನು ಪ್ರಕಟಿಸಿದರು: ಸಾಮಾನ್ಯವಾಗಿ 100 ಮೈಕ್ರೊಸೆಕೆಂಡಿನ 8 ಮಿಡಿತಗಳು. ತಂಬಾಕು ಜಗಿಯುವ ಚಟದಿಂದ ಬಾಯಿ ಕ್ಯಾನ್ಸರ್ ಹೆಚ್ಚಿರುವ ನಾಡು ಇತ್ತ ಗಮನ ಕೊಡಲೇಬೇಕು.

2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಮಿಡಿತದಿಂದ ಕ್ರಿಸ್ಪರ್ ಎಂಬ ಜೀನ್ ಕತ್ತರಿಯನ್ನು ಒಳಗಿಟ್ಟು, ಮರಳಿ ದೇಹಕ್ಕೆ ಸೇರಿಸುತ್ತಾರೆ. ಅದು ಗುರಿಯಿಟ್ಟದ್ದು ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ರೋಗಗಳಿಗೆ. ಎರಡನೆಯದು ಚಾಮರಾಜನಗರದ ಸೋಲಿಗ ಬುಡಕಟ್ಟಿನವರನ್ನೂ ಕಾಡುವ ರೋಗ. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೆ ಅದು ಎಟುಕುವ ಮಾತಲ್ಲ.  ಮಿಡಿತದ ಕೆಲಸದಲ್ಲಿಯೂ ತೊಡಕು ಮುಗಿದಿಲ್ಲ: ಪೊರೆ ಮುಚ್ಚುವ ಮೊದಲೇ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುಗಳು, ಅಯಾನುಗಳು ಸೋರಿ ಒಂದಷ್ಟು ಕೋಶಗಳು ಸಾಯುತ್ತವೆ. ಎಷ್ಟು ಕೋಶಗಳಿಗೆ ಜೀನ್ ಸೇರಿತು, ಎಷ್ಟು ಬದುಕಿದವು ಎಂಬ ಎರಡು ಎಣಿಕೆಗಳನ್ನೂ ಒಟ್ಟಿಗೆ ನೋಡಿಯೇ ಇಂದಿನ ಪ್ರಯೋಗಾಲಯಗಳು ಪ್ರತಿ ಬಗೆಯ ಕೋಶಕ್ಕೂ ಬೇರೆ ಬೇರೆ ವೋಲ್ಟೇಜು, ಅವಧಿ ಮತ್ತು ದ್ರಾವಣವನ್ನು ಗೊತ್ತುಮಾಡುತ್ತವೆ.