ಬಳಕೆದಾರರ ಸಂದರ್ಶನ

ಜಾಲತಾಣ, ಮೊಬೈಲ್ ಆ್ಯಪ್, ಅರ್ಜಿ ನಮೂನೆ ಮೊದಲಾದವನ್ನು ಬಳಸುವವರೊಡನೆ ಒಬ್ಬೊಬ್ಬರಾಗಿ ಮಾತನಾಡಿ, ಅವರು ಕೆಲಸ ಮಾಡುವ ರೀತಿಯನ್ನೂ ಎದುರಿಸುವ ತೊಡಕುಗಳನ್ನೂ ಅರಿಯುವ ಸಂಶೋಧನಾ ವಿಧಾನ. ಎಷ್ಟು ಮಂದಿ ಎಂಬುದನ್ನು ಸಮೀಕ್ಷೆ ತಿಳಿಸಿದರೆ, ಏಕೆ ಮತ್ತು ಹೇಗೆ ಎಂಬುದನ್ನು ಸಂದರ್ಶನ ತಿಳಿಸುತ್ತದೆ.

ಇದಕ್ಕೆ ತೀರ ಹತ್ತಿರದ್ದು, ಸಮೀಕ್ಷೆಯ ಪ್ರಶ್ನೆಯನ್ನು ಜನ ಹೇಗೆ ಅರ್ಥ ಮಾಡಿಕೊಳ್ಳುತ್ತಾರೆಂದು ಪರೀಕ್ಷಿಸುವ ಅರಿವಿನ ಸಂದರ್ಶನ. 1983ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸೇಂಟ್ ಮೈಕಲ್ಸ್‌ನಲ್ಲಿ ಮನೋವಿಜ್ಞಾನಿಗಳೂ ಸಮೀಕ್ಷಾತಜ್ಞರೂ ಕೂಡಿ ನಡೆಸಿದ ವಿಚಾರಗೋಷ್ಠಿ ಇದಕ್ಕೆ ನೆಲೆಯೊದಗಿಸಿತು. ಇಂದು ಅಟ್ಲಾಂಟಾ ಮೂಲದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂಗವಾಗಿರುವ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರವು ಅದೇ ದಶಕದಲ್ಲಿ ವಾಷಿಂಗ್ಟನ್ ಸಮೀಪದ ಹಯಾಟ್ಸ್‌ವಿಲ್‌ನಲ್ಲಿ ಇದಕ್ಕೆಂದೇ ಪ್ರಯೋಗಾಲಯವನ್ನು ಕಟ್ಟಿತು. ಗಾರ್ಡನ್ ವಿಲ್ಲಿಸ್ ಬರೆದು ಉತ್ತರ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್ 1999ರಲ್ಲಿ ಹೊರತಂದ ಕೈಪಿಡಿಯಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಕಳೆದ ವರ್ಷ ಕಿಬ್ಬೊಟ್ಟೆಯಲ್ಲಿ ನೋವಿತ್ತೇ ಎಂಬ ಸರಳ ಪ್ರಶ್ನೆಯನ್ನು ಕೆದಕಿ ನೋಡಿದಾಗ, ಆ ಭಾಗ ದೇಹದಲ್ಲಿ ಎಲ್ಲಿದೆಯೆಂಬುದನ್ನೇ ಜನ ಬೇರೆ ಬೇರೆಯಾಗಿ ತಿಳಿದಿದ್ದರು. ಕಳೆದ ವರ್ಷವೆಂದರೆ ಹಿಂದಿನ ಹನ್ನೆರಡು ತಿಂಗಳೋ ಹಿಂದಿನ ಇಸವಿಯೋ ಎಂಬುದೂ ಸ್ಪಷ್ಟವಿರಲಿಲ್ಲ. ಆದ್ದರಿಂದ ದೇಹದ ಚಿತ್ರ ತೋರಿಸಿ, ಅವಧಿಯನ್ನು ತಿಂಗಳುಗಳಲ್ಲಿ ಹೇಳಿ ಪ್ರಶ್ನೆಯನ್ನು ತಿದ್ದಲಾಯಿತು. ಕೇಳುವವರಿಗೆ ಸ್ಪಷ್ಟವೆನಿಸಿದ್ದು ಉತ್ತರಿಸುವವರಿಗೂ ಸ್ಪಷ್ಟವೆಂದು ನಂಬುವುದೇ ಈ ಕೆಲಸದ ದೊಡ್ಡ ಅಪಾಯ.

ಬಳಕೆದಾರರ ಸಂದರ್ಶನದಲ್ಲಿ, ಇಂಥ ಸೌಲಭ್ಯ ಕೊಟ್ಟರೆ ಬಳಸುತ್ತೀರಾ ಎಂದು ಕೇಳಿದರೆ ಬಹಳ ಮಂದಿ ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ಹಿಂದಿನ ಸಲ ಬಿಲ್ ಕಟ್ಟಿದ್ದು ಹೇಗೆ, ಎಲ್ಲಿ ತಡವಾಯಿತು, ಯಾರ ನೆರವು ಕೇಳಬೇಕಾಯಿತು ಎಂದು ನಡೆದುಹೋದ ಸಂಗತಿಯನ್ನೇ ಹೇಳಿಸಿದರೆ ನಂಬಬಹುದಾದ ಮಾಹಿತಿ ದೊರೆಯುತ್ತದೆ. ಉತ್ತರ ನಿಂತೊಡನೆ ಮುಂದಿನ ಪ್ರಶ್ನೆಗೆ ಧಾವಿಸದೆ ತುಸು ಕಾಯುವುದೂ, ಧ್ವನಿಮುದ್ರಣಕ್ಕೆ ಮೊದಲೇ ಒಪ್ಪಿಗೆ ಪಡೆಯುವುದೂ ಅಗತ್ಯ.

ಅಮೆರಿಕದ ಒಕ್ಕೂಟ ಸರ್ಕಾರದ ಇಲಾಖೆಗಳಿಗೆ ಇನ್ನೊಂದು ಕಟ್ಟಳೆಯಿದೆ. 1980ರ ಕಾಗದಪತ್ರ ಕಡಿತ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಸಾರ್ವಜನಿಕರಿಗೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಲು ಪೂರ್ವಾನುಮತಿ ಬೇಕಾಗುತ್ತದೆ. ನೇರ ವೀಕ್ಷಣೆಗೂ ಸಿದ್ಧ ಪ್ರಶ್ನಾವಳಿಯಿಲ್ಲದ ಮಾತುಕತೆಗೂ ಇದು ಅನ್ವಯಿಸುವುದಿಲ್ಲ.

ಕರ್ನಾಟಕದಲ್ಲಿ, ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ಕೊಳೆಗೇರಿಗಳ ಮನೆಗೆಲಸದ ಮಹಿಳೆಯರೊಡನೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಲೇಖನೀಯ. ಓದುಬರಹ ಬಾರದವರೂ ಕೆಲಸ ಹುಡುಕಲು ಅನುವಾಗುವಂತೆ ಅಕ್ಷರವಿಲ್ಲದ ಪರದೆಯೊಂದನ್ನು ರೂಪಿಸುವಾಗ, ಅಡುಗೆ ಕೆಲಸವನ್ನು ಸೂಚಿಸಲು ಬರೆದ ನಿಶ್ಚಲ ಚಿತ್ರವನ್ನು ಆ ಮಹಿಳೆಯರು ಅಡುಗೆಮನೆ ಎಂದಷ್ಟೇ ಗುರುತಿಸಿದರು. ಪಾತ್ರೆಯಿಂದ ಹಬೆ ಏಳುವಂತೆ, ನಲ್ಲಿಯಿಂದ ನೀರು ಸುರಿಯುವಂತೆ ಚಿತ್ರಿಸಿದಾಗ ಅದು ಕೆಲಸವೆಂದು ತಿಳಿಯಿತು.