ಪರದೇಶಿ ವಿದ್ಯಾರ್ಥಿಗೊಂದು ಸೂರು

1909ರ ಒಂದು ಬೆಳಿಗ್ಗೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ ಚೀನೀ ವಿದ್ಯಾರ್ಥಿಯೊಬ್ಬನಿಗೆ ವೈಎಂಸಿಎಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಎಡ್ಮಂಡ್ಸ್ 'ಗುಡ್ ಮಾರ್ನಿಂಗ್' ಅಂದರು. ಹುಡುಗ ಥಟ್ಟನೆ ನಿಂತ. ಅವನು ಆ ಊರಿಗೆ ಬಂದು ಮೂರು ವಾರವಾಗಿತ್ತಂತೆ. ಅಷ್ಟು ದಿನಗಳಲ್ಲಿ ಅವನನ್ನು ಮಾತನಾಡಿಸಿದ ಮೊದಲಿಗರು ಇವರೇ.

ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿ ಫ್ಲಾರೆನ್ಸ್‌ಗೆ ಇದನ್ನು ಹೇಳಿದರು. ದಂಪತಿ ವಿದೇಶಿ ವಿದ್ಯಾರ್ಥಿಗಳನ್ನು ಭಾನುವಾರಗಳಂದು ಮನೆಗೆ ಕರೆಯತೊಡಗಿದರು. ಬರುವವರು ಹೆಚ್ಚಿದಂತೆ ಮನೆ ಸಾಲದಾಯಿತು.

ಹೊರದೇಶದಲ್ಲಿ ಓದುವವನ ಕಷ್ಟ ಪಾಠದಲ್ಲಿರುವುದಕ್ಕಿಂತ ಹೆಚ್ಚಾಗಿ ಊಟ, ವಸತಿ, ಒಡನಾಟಗಳಲ್ಲಿರುತ್ತದೆ. ಇದಕ್ಕೆ ಭೀಮರಾವ್ ಅಂಬೇಡ್ಕರರ ಉದಾಹರಣೆಯೇ ಸಾಕು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕ್ವಾಡರ ವಿದ್ಯಾರ್ಥಿವೇತನದ ಮೇಲೆ 1913ರ ಜುಲೈನಲ್ಲಿ ಅವರು ಕೊಲಂಬಿಯಾಕ್ಕೆ ಬಂದರು. ಆಗ ವಯಸ್ಸು 22. ತಿಂಗಳಿಗೆ ಸಿಗುತ್ತಿದ್ದದ್ದು ಹನ್ನೊಂದೂವರೆ ಪೌಂಡ್. ಅದರಲ್ಲೇ ಊರಿನಲ್ಲಿದ್ದ ಹೆಂಡತಿ ರಮಾಬಾಯಿಗೂ ಕಳಿಸಬೇಕಿತ್ತು. ಮೊದಲು ಸಿಕ್ಕ ಹಾರ್ಟ್ಲಿ ಹಾಲ್ ಹಾಸ್ಟೆಲಿನ ಊಟ ಹಿಡಿಸದೆ ಒಂದು ವಾರದಲ್ಲೇ ಅಲ್ಲಿಂದ ಹೊರಟು, 114ನೇ ಬೀದಿಯ ಕಾಸ್ಮೊಪಾಲಿಟನ್ ಕ್ಲಬ್ ಸೇರಿದರು. ಅಲ್ಲಿ ಕೆಲವು ಭಾರತೀಯ ವಿದ್ಯಾರ್ಥಿಗಳಿದ್ದರು. ದೇಶವಿದೇಶಗಳ ವಿದ್ಯಾರ್ಥಿಗಳು ಕೂಡುವ ಇಂಥ ಕ್ಲಬ್ಬುಗಳು 1903ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಶುರುವಾಗಿ ಒಂದೊಂದಾಗಿ ಅಮೆರಿಕದ ಇತರ ವಿಶ್ವವಿದ್ಯಾಲಯಗಳಿಗೂ ಹಬ್ಬಿದ್ದವು.

ಕೊನೆಗೆ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಅವರಿಗೆ ನೆಲೆ ಸಿಕ್ಕಿತು. ಅಲ್ಲಿ ಜೊತೆಯಾದ ಪಾರ್ಸಿ ಗೆಳೆಯ ನವಲ್ ಭಥೇನಾ ಬದುಕಿನುದ್ದಕ್ಕೂ ಉಳಿದರು. ಲಂಡನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ಓದು ಮುಗಿಸಲು 1920ರಲ್ಲಿ ಅಂಬೇಡ್ಕರರು ಮತ್ತೆ ಅಲ್ಲಿಗೆ ಹೊರಟಾಗ ಸಾಲ ಕೊಟ್ಟವರಲ್ಲಿ ಅವರೂ ಒಬ್ಬರು. ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆಯಾಗಿ ಕೂತು ಕಲಿತಿದ್ದ ಹುಡುಗನಿಗೆ, ಎಲ್ಲರ ಸಮಕ್ಕೆ ಕೂತು ಉಣ್ಣುವ, ಓದುವ ಆ ವರ್ಷಗಳು ಏನಾಗಿದ್ದಿರಬೇಕು! 1915ರಲ್ಲಿ ಎಂ.ಎ. ಮುಗಿಯಿತು. 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಹುಟ್ಟನ್ನು ಕುರಿತ ಪ್ರಬಂಧವನ್ನು ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಓದಿದರು.

ಇತ್ತ ಎಡ್ಮಂಡ್ಸ್ ವಿದೇಶಿ ವಿದ್ಯಾರ್ಥಿಗಳಿಗೊಂದು ದೊಡ್ಡ ಮನೆ ಕಟ್ಟಿಸಲು ದುಡ್ಡಿಗಾಗಿ ಅಲೆಯುತ್ತಲೇ ಇದ್ದರು. ಕಡೆಗೆ ಕಿರಿಯ ಜಾನ್ ಡಿ. ರಾಕ್‌ಫೆಲ್ಲರ್ ಕೈಹಿಡಿದರು. 1924ರಲ್ಲಿ ಹಡ್ಸನ್ ನದಿಯ ಕಡೆಗೆ ಮುಖ ಮಾಡಿ, ರಿವರ್‌ಸೈಡ್ ಡ್ರೈವ್‌ನಲ್ಲಿ ಐನೂರು ಜನ ಇರಬಹುದಾದ ಇಂಟರ್‌ನ್ಯಾಷನಲ್ ಹೌಸ್ ಬಾಗಿಲು ತೆರೆಯಿತು. ಅದೇ ವರ್ಷ ಅಮೆರಿಕದ ಸಂಸತ್ತು ಏಷ್ಯಾದವರು ಬಂದು ನೆಲೆಸುವುದನ್ನು ತಡೆಯುವ ವಲಸೆ ಕಾನೂನು ಮಾಡಿತು. ಓದಲು ಬರುವವರಿಗೆ ಮಾತ್ರ ಒಂದು ಕಿಂಡಿ ಉಳಿಯಿತು, ಅದೂ ಓದು ಮುಗಿಯುವವರೆಗೆ. ಆ ಕಾನೂನಿನ ಪಕ್ಕದಲ್ಲಿಟ್ಟು ನೋಡಿದರೇ ಎಡ್ಮಂಡ್ಸ್ ಮಾಡಿದ್ದು ಎಷ್ಟು ದೊಡ್ಡ ಕೆಲಸವೆಂದು ತಿಳಿಯುವುದು.

ಇಂಥದೇ ಇನ್ನೊಂದು ಮನೆ ಕಟ್ಟಲು ಹೊರಟಾಗ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎದುರಾದ ವಿರೋಧ ಬಲು ಜೋರು. ಅಲ್ಲಿ ವಿದೇಶಿಯರಿಗೆ, ಕಪ್ಪು ಜನರಿಗೆ ಮನೆ ಬಾಡಿಗೆಗೆ ಸಿಗುವುದೇ ದುರ್ಲಭವಾಗಿತ್ತು. ಎಡ್ಮಂಡ್ಸ್ ಬೇಕೆಂದೇ ಪೀಡ್‌ಮಾಂಟ್ ಅವೆನ್ಯೂದಲ್ಲಿ ಜಾಗ ಹುಡುಕಿದರು. ಇಂಥವರನ್ನು ಹೊರಗಿಟ್ಟಿದ್ದ ವಿದ್ಯಾರ್ಥಿ ಸಂಘಗಳ ಬಂಗಲೆಗಳಿದ್ದದ್ದು ಆ ರಸ್ತೆಯಲ್ಲೇ. ಬಿಳಿಯರೂ ಬಣ್ಣದವರೂ, ಗಂಡಸರೂ ಹೆಂಗಸರೂ ಒಂದೇ ಸೂರಿನಡಿ ಇರುವುದೆಂದರೇನು ಎಂದು ಪ್ರತಿಭಟಿಸಲು 800ಕ್ಕೂ ಹೆಚ್ಚು ಜನ ಸೇರಿದರು. ಆ ಸಭೆಯಲ್ಲಿ ಎದ್ದುನಿಂತು ಯೋಜನೆಯ ಪರ ಮಾತನಾಡಿದವರು ಕಪ್ಪು ಪತ್ರಕರ್ತೆ ಡೆಲೈಲಾ ಬೀಸ್ಲಿ. ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 1930ರ ಆಗಸ್ಟ್‌ನಲ್ಲಿ ಆ ಮನೆಯೂ ತೆರೆಯಿತು.

1936ರಲ್ಲಿ ಮಿಷಿಗನ್‌ಗೆ ಹೋಗುವ ದಾರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದವರು ಚೀನಾದ ಭೌತವಿಜ್ಞಾನ ವಿದ್ಯಾರ್ಥಿನಿ ಚಿಯೆನ್-ಶಿಯುಂಗ್ ವೂ. ಮಿಷಿಗನ್‌ನ ವಿದ್ಯಾರ್ಥಿ ಭವನದಲ್ಲಿ ಹೆಂಗಸರು ಮುಂಬಾಗಿಲಿನಿಂದ ಬರುವಂತಿಲ್ಲವೆಂಬುದು ಕಿವಿಗೆ ಬಿತ್ತು. ಬರ್ಕ್ಲಿಯ ಪ್ರಯೋಗಾಲಯವನ್ನು ತೋರಿಸಿದ ಅಲ್ಲಿನ ವಿದ್ಯಾರ್ಥಿ ಲ್ಯೂಕ್ ಯುವಾನ್ ಮುಂದೆ ಅವರ ಪತಿಯಾದರು. ವೂ ಮಿಷಿಗನ್ನನ್ನು ಕೈಬಿಟ್ಟು ಇಂಟರ್‌ನ್ಯಾಷನಲ್ ಹೌಸ್‌ನಲ್ಲಿ ಕೋಣೆ ಹಿಡಿದರು, 1940ರಲ್ಲಿ ಡಾಕ್ಟರೇಟ್ ಪಡೆದರು. 1957ರಲ್ಲಿ, ಪ್ಯಾರಿಟಿ ಎಂಬ ಸಮ್ಮಿತಿಯ ನಿಯಮ ಎಲ್ಲೆಡೆಯೂ ನಡೆಯದೆಂದು ಪ್ರಯೋಗದಿಂದ ತೋರಿಸಿಕೊಟ್ಟವರು ಇದೇ ವೂ.