ಅಳಿವೆಗಳ ದಾರಿ: ಮಂಗಳೂರಿನಿಂದ ಕಾರವಾರಕ್ಕೆ

ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳನ್ನು ಹಾದುಹೋಗುತ್ತದೆ. ಹಳಬರ ಬಾಯಲ್ಲಿ ಇದು ಇಂದಿಗೂ ‘ಹದಿನೇಳು’. ಮೊದಲಿದ್ದ ಸಂಖ್ಯೆ ಅದು. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ಒಂದೇ ದಿನದಲ್ಲಿ ಮುಗಿಸಬಹುದಾದ ದಾರಿ ಇದು. ಪ್ರಾಣಿ, ಪಕ್ಷಿ ನೋಡುವ ಆಸೆಯಿದ್ದರೆ ಮೂರು ದಿನ ಬೇಕು.

ಸೇತುವೆಗಳೇ ಗುರುತು

ಘಟ್ಟದಿಂದ ಇಳಿದು ಬರುವ ಹೊಳೆಗಳನ್ನು ಈ ಹೆದ್ದಾರಿ ಕಡಲಿಗೆ ಹತ್ತಿರದಲ್ಲೇ ದಾಟುತ್ತದೆ. ನೇತ್ರಾವತಿ, ಶಾಂಭವಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಒಂದಾದ ಮೇಲೊಂದು. ಹೊಳೆ ಕಡಲು ಸೇರುವ ಜಾಗಕ್ಕೆ ಕರಾವಳಿಯಲ್ಲಿ ‘ಅಳಿವೆ’ ಎನ್ನುತ್ತಾರೆ. ಸಿಹಿನೀರು, ಉಪ್ಪುನೀರು ಬೆರೆಯುವ ಇಲ್ಲಿ ಹೊಳೆ ತಂದ ಮಣ್ಣೂ ಕೊಳೆತ ಎಲೆಯೂ ತಂಗುತ್ತವೆ. ಅದನ್ನು ತಿನ್ನಲು ಸಿಗಡಿ, ಏಡಿ, ಮೀನುಮರಿ ಬರುತ್ತವೆ. ಅವುಗಳನ್ನು ಹುಡುಕಿಕೊಂಡು ಹಕ್ಕಿ, ನೀರುನಾಯಿ, ಡಾಲ್ಫಿನ್ ಬರುತ್ತವೆ. ಹಾಗಾಗಿ ಈ ದಾರಿಯಲ್ಲಿ ವನ್ಯಜೀವಿ ನೋಡುವವರಿಗೆ ಕಡಲತೀರದ ಹೆಸರಿಗಿಂತ ಹೊಳೆಯ ಹೆಸರು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಲ್ಪೆಯಿಂದ ಮರವಂತೆ

ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲಕ್ಕೆ, ಉಕ್ಕಿದ ಲಾವಾ ತಣಿದು ಕುಗ್ಗುವಾಗ ಸೀಳಿ ಇಲ್ಲಿ ಕಂಬಗಳಾಗಿ ನಿಂತಿದೆ. ಕಂಬಗಳು ಐದಾರು ಮೂಲೆಯವು, ಪಕ್ಕಪಕ್ಕದಲ್ಲಿ ಜೋಡಿಸಿಟ್ಟ ಹಾಗಿವೆ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ.

ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಕಡಲು ಕಲ್ಲೆಸೆತದ ದೂರದಲ್ಲಿದ್ದರೂ ಹೊಳೆ ಅದನ್ನು ಸೇರದೆ ತೆಂಕಣಕ್ಕೆ ತಿರುಗಿ, ಸುಮಾರು 10 ಕಿ.ಮೀ. ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಎಲ್ಲರೂ ಕಡಲಿಗೆ ಮುಖಮಾಡಿ ಫೋಟೊ ತೆಗೆಯುವ ಜಾಗವಿದು. ಬೆನ್ನ ಹಿಂದಿನ ಹೊಳೆಯ ಕಡೆಗೂ ತುಸು ಹೊತ್ತು ನೋಡಬೇಕು: ಗರುಡ, ಬೆಳ್ಳಕ್ಕಿ, ಮಿಂಚುಳ್ಳಿಗಳಿಗೆ ಅಲ್ಲಿ ಕೊರತೆಯಿಲ್ಲ.

ಹೊನ್ನಾವರದ ಕಾಂಡ್ಲಾ

ಶರಾವತಿಯ ಅಳಿವೆ ಎಷ್ಟು ಅಗಲವೆಂದರೆ, ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇರುವುದು ಇಲ್ಲೇ. ಅದರ ಉದ್ದ 2 ಕಿ.ಮೀ.ಗಿಂತ ತುಸು ಹೆಚ್ಚು. ಹೊಳೆಯ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ನೀರು ಇಳಿದ ಹೊತ್ತಿನಲ್ಲಿ ಹೋಗಬೇಕು.

ಮೊದಲಿಗೆ ಕಾಣುವುದು ಬರಿಯ ಕೆಸರು. ಹಲಗೆಯ ಮೇಲೆ ಸದ್ದಿಲ್ಲದೆ ನಿಂತರೆ ಬಿಲಗಳಿಂದ ಒಂದೊಂದೇ ಏಡಿ ಹೊರಬರುತ್ತದೆ. ಗಂಡಿಗೆ ಒಂದು ಕೊಂಬು (ಇಕ್ಕಳದಂಥ ಮುಂಗಾಲು) ದೊಡ್ಡದು, ಮೈಗೆ ಸರಿಹೊಂದದಷ್ಟು ದೊಡ್ಡದು. ಅದನ್ನೆತ್ತಿ ಬೀಸುತ್ತಾ ಹೆಣ್ಣನ್ನು ಕರೆಯುತ್ತದೆ, ಎದುರಾಳಿಯನ್ನು ಹೆದರಿಸುತ್ತದೆ. ಉಣ್ಣಲು ಅದಕ್ಕಿರುವುದು ಇನ್ನೊಂದು ಪುಟ್ಟ ಕೊಂಬು ಮಾತ್ರ. ಎರಡೂ ಕೊಂಬು ಚಿಕ್ಕದಾದ ಹೆಣ್ಣು ಎರಡರಿಂದಲೂ ಕೆಸರು ಗೋರಿ ಬಾಯಿಗಿಟ್ಟು, ಸಾರ ಹೀರಿ, ಉಳಿದದ್ದನ್ನು ಉಂಡೆಮಾಡಿ ಬಿಡುತ್ತದೆ. ಹಲಗೆ ಒಮ್ಮೆ ಕಿರುಗುಟ್ಟಿದರೆ ಸಾಕು, ಇಡೀ ಬಯಲು ಖಾಲಿ.

ಅಘನಾಶಿನಿ: ತಟ್ಟೆ ತುಂಬಿಸುವ ಹೊಳೆ

ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿತು. ನೀರು ಇಳಿದಾಗ ಊರಿನವರು ಮೊಣಕಾಲುದ್ದದ ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಇದನ್ನೇ ತುಳುವರು ಮರುವಾಯಿ ಎನ್ನುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಚಳಿಗಾಲದಲ್ಲಿ ಇದೇ ಬಯಲಿಗೆ ಉತ್ತರದ ನಾಡುಗಳಿಂದ ಕಡಲಕ್ಕಿಗಳೂ ಗೊರವಗಳೂ ವಲಸೆ ಬರುತ್ತವೆ. ಹತ್ತಿರದ ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಹೆಚ್ಚು ದೂರವಿಲ್ಲ.

ಡಾಲ್ಫಿನ್ ಮತ್ತು ಕಡಲಾಮೆ

ಗೋಕರ್ಣದ ಓಂ ಬೀಚ್, ಕಾರವಾರದ ದೇವಬಾಗ ಮತ್ತು ಕೂರ್ಮಗಡ ದ್ವೀಪದ ಸುತ್ತ ಗೂನುಬೆನ್ನಿನ ಡಾಲ್ಫಿನ್ ಕಾಣುತ್ತದೆ. ಆಳ ಕಡಲಿಗೆ ಹೋಗದೆ ದಡದ ಹತ್ತಿರ, ಅಳಿವೆಯ ಬಾಯಲ್ಲಿ ಇರುವ ಜಾತಿ ಇದು. ಸಿನಿಮಾದಂತೆ ಹಾರುತ್ತದೆಂದು ಕಾಯಬಾರದು. ಮೊದಲು ಮೂತಿ, ಆಮೇಲೆ ಗೂನು, ಅದರ ಮೇಲಿನ ಪುಟ್ಟ ಈಜುರೆಕ್ಕೆ, ಅಷ್ಟರಲ್ಲಿ ಮುಳುಗಿರುತ್ತದೆ. ಗಾಳಿ ಏಳುವ ಮುಂಚಿನ ಬೆಳಗು ಒಳ್ಳೆಯದು. ಎಂಜಿನ್ ನಿಲ್ಲಿಸಿ ಕಾಯುವ ದೋಣಿಯವರನ್ನು ಆರಿಸಿಕೊಳ್ಳಿ; ಬೆನ್ನಟ್ಟಿದರೆ ಅದು ದೂರವೇ ಸರಿಯುತ್ತದೆ.

ಹೊನ್ನಾವರದ ಬಳಿಯ ಕಾಸರಕೋಡದಂಥ ಮರಳದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಒಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆ. ಮರಿಯಾಗಲು ಒಂದೂವರೆ, ಎರಡು ತಿಂಗಳು. ಮರಿ ಹೆಣ್ಣೋ ಗಂಡೋ ಎಂಬುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ: ಹೆಚ್ಚು ಬಿಸಿಯಾದರೆ ಹೆಣ್ಣು. ಹೊರಬಂದ ಮರಿ ಬೆಳಕಿದ್ದತ್ತ ಹೋಗುತ್ತದೆ. ಕತ್ತಲ ದಡದಲ್ಲಿ ಬೆಳಕಿರುವುದು ಕಡಲಿನ ಕಡೆಗೆ. ಕಾರಿನ ಹೆಡ್‌ಲೈಟ್ ಹೊತ್ತಿಸಿಟ್ಟರೆ ಮರಿ ರಸ್ತೆಯ ಕಡೆಗೆ ಬರುತ್ತದೆ. ಆದ್ದರಿಂದ ರಾತ್ರಿ ಮರಳಿಗೆ ವಾಹನ ಇಳಿಸಬಾರದು.

ಯಾವಾಗ ಹೊರಡಬೇಕು

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬಂದರುಗಳು ಸದ್ದಡಗಿರುತ್ತವೆ. ಮಳೆಗಾಲದಲ್ಲಿ ಉತ್ತರ ಕನ್ನಡದ ಗುಡ್ಡ ಕಡಿದ ಜಾಗಗಳಲ್ಲಿ ಎಚ್ಚರ ಬೇಕು. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾಗಿತ್ತು. ಮರುತಿಂಗಳೇ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು.

ಹೊರಡುವ ಮುನ್ನ ಉಬ್ಬರವಿಳಿತದ ಸಮಯಪಟ್ಟಿ ನೋಡಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ನೀರು ಹೆಚ್ಚು ಇಳಿದು ಹೆಚ್ಚು ಕೆಸರು ತೆರೆದುಕೊಳ್ಳುತ್ತದೆ. ಹೋಗುವಾಗ ಬರೀ ನೀರು ಕಂಡ ಸೇತುವೆಯ ಕೆಳಗೆ, ಆರು ತಾಸು ಬಿಟ್ಟು ಮರಳುವಾಗ, ಬೆಳ್ಳಕ್ಕಿಗಳ ಸಾಲೇ ಇಳಿದಿರುತ್ತದೆ.